ನೀರುಗಂಟಿಯ ಲೆಕ್ಕ

ಅಡಕೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಚೇಣಿದಾರನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕೊಯ್ಲಿಗೆ ಇನ್ನೂ ತಿಂಗಳುಗಳಿರುವಾಗಲೇ ಆತ ತೋಟಕ್ಕೆ ಬರುತ್ತಾನೆ. ಕತ್ತನ್ನು ಹಿಂದಕ್ಕೆ ಚಾಚಿ ಮರಗಳ ನೆತ್ತಿಯನ್ನು ನೋಡುತ್ತ ಸಾಲುಸಾಲಾಗಿ ನಡೆಯುತ್ತಾನೆ. ನಡುನಡುವೆ ನಿಂತು ತುಟಿಯೊಳಗೇ ಏನನ್ನೋ ಎಣಿಸುತ್ತಾನೆ. ಕೊನೆಗೆ, ಒಂದು ಕಾಯನ್ನೂ ಕೈಯಲ್ಲಿ ಮುಟ್ಟದೆ, ಈ ತೋಟದಲ್ಲಿ ಇಷ್ಟು ಕ್ವಿಂಟಾಲು ಎಂದು ಹೇಳಿ ಬೆಲೆ ಕಟ್ಟುತ್ತಾನೆ. ಅವನ ಮಾತು ತಪ್ಪುವುದಿಲ್ಲವೆಂದಲ್ಲ. ತಪ್ಪಿದರೆ ಅವನಿಗೋ ತೋಟದವನಿಗೋ ನಷ್ಟವಾಗುತ್ತದೆ; ಅದಕ್ಕಾಗಿಯೇ ಆತ ಎರಡನೆಯ ಬಾರಿ ತೋಟವನ್ನು ಸುತ್ತುತ್ತಾನೆ.

ಕಣ್ಣಿಗೆ ಪೂರ್ತಿಯಾಗಿ ಕಾಣದ ವಸ್ತುವನ್ನು ಕಂಡಷ್ಟರಿಂದ ಅಳೆಯುವ ಈ ವಿದ್ಯೆಗೆ ನಾವು 'ಅಂದಾಜು' ಎನ್ನುತ್ತೇವೆ. ಪದ ಪಾರಸಿಯಿಂದ ಬಂದದ್ದು. ಆದರೆ ಅದಕ್ಕಿಂತ ಹಳೆಯದಾದ ನಮ್ಮ ಮಾತೊಂದಿದೆ. 'ಎಣಿಸು' ಎಂದರೆ ಲೆಕ್ಕಮಾಡು ಎಂದೂ ಆಗುತ್ತದೆ, ಭಾವಿಸು ಎಂದೂ ಆಗುತ್ತದೆ. "ಹತ್ತು ಕೊನೆ ಎಣಿಸಿದೆ" ಎನ್ನುವಾಗಲೂ "ಆತ ಬರುವನೆಂದು ಎಣಿಸಿದೆ" ಎನ್ನುವಾಗಲೂ ಕ್ರಿಯಾಪದ ಒಂದೇ. ತರಗತಿಯಲ್ಲಿ ಈ ಪದದ ಎರಡು ಅರ್ಥಗಳನ್ನು ಹಲವು ವರ್ಷ ಪಾಠಮಾಡಿದ್ದೇನೆ. ಅವೆರಡರ ನಡುವಣ ಅಂತರವೆಷ್ಟೆಂಬುದು ನನಗೆ ತಿಳಿದದ್ದು ಮಾತ್ರ ಕಳೆದ ಡಿಸೆಂಬರಿನಲ್ಲಿ, ಶಿವನಿಯಲ್ಲಿ, ಒಂದು ಕ್ಯಾಮರಾದಿಂದ.

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲುಹಾದಿಯಲ್ಲಿ ಅಜ್ಜಂಪುರವಾದ ಮೇಲೆ, ಹೊಸದುರ್ಗ ರೋಡು ಬರುವುದಕ್ಕೆ ಮುಂಚೆ, ಶಿವನಿಯ ನಿಲ್ದಾಣ ಸಿಕ್ಕುತ್ತದೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಹೋಬಳಿ ಈಗ ಅಜ್ಜಂಪುರ ತಾಲ್ಲೂಕಿನದು. ಅಲ್ಲಿ ನಮ್ಮ ದೊಡ್ಡಪ್ಪನವರ ತೋಟವಿದೆ, ತೋಟದ ಮಗ್ಗುಲಲ್ಲಿ ಮನೆ, ಮನೆಯ ಮುಂದೆ ಅಡಕೆ ಒಣಗಿಸುವ ಕಣ. ದೊಡ್ಡಪ್ಪನವರಿಗೆ ಎಪ್ಪತ್ತೆಂಟು ವಯಸ್ಸು. ಸುಗ್ಗಿಯ ಎರಡು ಮೂರು ತಿಂಗಳು ಅವರು ಕಣದಲ್ಲಿಯೇ ಮಲಗುವವರು: ಬೇಯಿಸಿದ ಅಡಕೆಯ ಹಾಸಿನ ಪಕ್ಕದಲ್ಲಿ ಒಂದು ಮಂಚ, ಒಂದು ಕಂಬಳಿ, ತಲೆಯ ಹತ್ತಿರ ಮೂರು ಸೆಲ್ಲಿನ ಟಾರ್ಚು. ಮಾಗಿಯ ಇಬ್ಬನಿಯಲ್ಲಿ ಆ ವಯಸ್ಸಿನವರು ಬಯಲಿನಲ್ಲಿ ಮಲಗುವುದು ಯಾರಿಗೂ ಹಿಡಿಸುತ್ತಿರಲಿಲ್ಲ. ಹಿಂದಿನ ವರ್ಷ ಕೆಮ್ಮು ಎದೆಗಿಳಿದು ಹದಿನೈದು ದಿನ ಮಲಗಿದ್ದರು. ಆದರೆ ಅಡಕೆ ಕ್ವಿಂಟಾಲಿಗೆ ಅರ್ಧ ಲಕ್ಷದ ಆಸುಪಾಸಿನ ಬೆಲೆ ಕಂಡ ಮೇಲೆ ಕಣದ ಕಳ್ಳತನದ ಸುದ್ದಿಯೂ ಹೆಚ್ಚಿತು, "ಕಾಯದೆ ಹೆಂಗೆ ಇರಾದು?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ನಾನು ಪೇಟೆಯಿಂದ ಕೊಂಡು ತಂದೆ. ವಿದ್ಯುತ್ತಿನ ತಂತಿ ಬೇಡದ, ಬ್ಯಾಟರಿಯಿಂದ ನಡೆಯುವ, ಮೇಲೊಂದು ಚಿಕ್ಕ ಸೋಲಾರ್ ಪ್ಲೇಟು ಇರುವ ಕಾವಲು ಕ್ಯಾಮರಾ. ಇಂಥವು ಈಗ ನಮ್ಮ ಕಡೆಯ ತೋಟಗಳಲ್ಲಿ ಅಪರೂಪವಲ್ಲ. ಸಿಮ್ ಹಾಕಿ ಕಣದ ಕಂಬಕ್ಕೆ ಕಟ್ಟಿದರೆ ಅದು ಸಾಮಾನ್ಯವಾಗಿ ನಿದ್ರಿಸುತ್ತಿರುತ್ತದೆ. ಮೈಬಿಸಿಯುಳ್ಳ ಪ್ರಾಣಿ ಎದುರಿಗೆ ಚಲಿಸಿದರೆ ಎಚ್ಚೆತ್ತು ಚಿತ್ರ ಹಿಡಿದು ನಮ್ಮ ಮೊಬೈಲಿಗೆ ಕಳಿಸುತ್ತದೆ. ಜೊತೆಗೆ, ಪರದೆಯ ಮೂಲೆಯಲ್ಲಿ, ತನ್ನಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆಯೆಂಬುದನ್ನು ಶೇಕಡಾ ಲೆಕ್ಕದಲ್ಲಿ ತಿಳಿಸುತ್ತದೆ. ನಾನು ಕೆಲಸಮಾಡುವ ಊರಿನಿಂದಲೇ ಪ್ರತಿದಿನ ಸಂಜೆ ಆ ಅಂಕೆಯನ್ನು ನೋಡಿ ದೊಡ್ಡಪ್ಪನವರಿಗೆ ಫೋನು ಮಾಡುತ್ತಿದ್ದೆ.

ಆ ಸಂಜೆ ೪೨ ಎಂದಿತ್ತು.

"ಕಾಯ್ತದೆ ಅಂತೀಯಾ?" ಎಂದು ಕೇಳಿದರು.

"ಕಾಯುತ್ತದೆ ದೊಡ್ಡಪ್ಪ. ಇನ್ನೂ ನಲವತ್ತೆರಡಿದೆ. ನೀವು ಒಳಗೆ ಮಲಗಿ."

ಅವರು ಒಳಗೆ ಮಲಗಿದರು. ಕ್ಯಾಮರಾದಿಂದ ಕಡೆಯ ಚಿತ್ರ ಬಂದದ್ದು ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ: ಒಂದು ನಾಯಿ. ಆಮೇಲೆ ಏನೂ ಬರಲಿಲ್ಲ. ಬೆಳಗ್ಗೆ ನೋಡಿದರೆ ಕಣದ ಮೂಲೆಯಲ್ಲಿ ಕಟ್ಟಿಟ್ಟಿದ್ದ ಎರಡು ಚೀಲ ಅಡಕೆ ಇರಲಿಲ್ಲ. ದೊಡ್ಡಪ್ಪನವರು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಮರುರಾತ್ರಿ ತಮ್ಮ ಕಂಬಳಿಯನ್ನು ತೆಗೆದುಕೊಂಡು ಕಣಕ್ಕೆ ಹೋದರು ಎಂಬುದು ನನಗೆ ದೊಡ್ಡಮ್ಮನಿಂದ ತಿಳಿಯಿತು.

ಅಡಕೆ ಹೋದ ದುಃಖಕ್ಕಿಂತ ನನ್ನನ್ನು ಹೆಚ್ಚಾಗಿ ಕಾಡಿದ್ದು ಆ ನಲವತ್ತೆರಡು. ನೂರರಲ್ಲಿ ನಲವತ್ತೆರಡು ಪಾಲು ಉಳಿದಿದ್ದ ಪಾತ್ರೆ ಹತ್ತು ಗಂಟೆಯೊಳಗೆ ಬರಿದಾದದ್ದು ಹೇಗೆ? ಅಥವಾ ಉಳಿದೇ ಇರಲಿಲ್ಲವೇ? ಹಾಗಿದ್ದರೆ ಆ ಅಂಕೆಯನ್ನು ಹೇಳಿದವರಾರು? ಕ್ಯಾಮರಾವನ್ನು ಬಿಚ್ಚಿ ತಂದು, ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ಮಿತ್ರರ ಮುಂದಿಟ್ಟೆ. ಕನ್ನಡದ ಮೇಷ್ಟರಿಗೆ ಇದೇಕೆ ಎಂದು ಅವರು ನಗಲಿಲ್ಲ. ಮುಂದೆ ಹೇಳುವುದರಲ್ಲಿ ಬಹುಭಾಗ ಅವರ ಬಾಯಿಂದ ಕೇಳಿದ್ದು, ಉಳಿದದ್ದು ಆಮೇಲೆ ನಾನಾಗಿ ಓದಿಕೊಂಡದ್ದು.

ಮೊದಲು ತಿಳಿಯಬೇಕಾದ ಮಾತೆಂದರೆ, ಬ್ಯಾಟರಿಯೊಳಗೆ ಎಷ್ಟು ಶಕ್ತಿ ಉಳಿದಿದೆಯೆಂಬುದನ್ನು ನೇರವಾಗಿ ನೋಡುವ ಉಪಾಯವೇ ಇಲ್ಲ. ಟ್ರಾಕ್ಟರಿನ ಸೀಸ-ಆಮ್ಲದ ಬ್ಯಾಟರಿಗೆ ಮಾತ್ರ ಒಂದು ಕಿಟಕಿಯುಂಟು. ಮುಚ್ಚಳ ತೆಗೆದು ಗಾಜಿನ ಕೊಳವೆಯಿಂದ ಆಮ್ಲವನ್ನು ಹೀರಿ ಅದರ ಸಾಂದ್ರತೆಯನ್ನು ನೋಡುವುದನ್ನು ನೀವು ಕಂಡಿರಬಹುದು. ತುಂಬಿದ ಬ್ಯಾಟರಿಯ ಆಮ್ಲ ನೀರಿಗಿಂತ ಸುಮಾರು ೧.೨೮ ಪಟ್ಟು ಭಾರ. ಬರಿದಾದಂತೆ ಅದು ೧.೧೨ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ ಆಮ್ಲವೇ ಖರ್ಚಾಗುವುದರಿಂದ ಆಮ್ಲವೇ ಸಾಕ್ಷಿ ಹೇಳುತ್ತದೆ. ೧೯೯೧ರಲ್ಲಿ ಮಾರುಕಟ್ಟೆಗೆ ಬಂದು ಇಂದು ಎಲ್ಲರ ಜೇಬಿನಲ್ಲಿಯೂ ಇರುವ ಲಿಥಿಯಂ-ಅಯಾನ್ ಬ್ಯಾಟರಿಗೆ ಅಂಥ ಕಿಟಕಿಯಿಲ್ಲ. ಅದು ಮುಚ್ಚಿದ ಡಬ್ಬಿ. ಹೊರಗಿನಿಂದ ನಮಗೆ ಸಿಕ್ಕುವುದು ಎರಡು ತುದಿಗಳ ನಡುವಣ ವೋಲ್ಟೇಜು, ಹರಿದುಹೋಗುವ ಪ್ರವಾಹ, ಮೈಯ ಬಿಸಿ, ಈ ಮೂರೇ. ಇವುಗಳಿಂದ ಒಳಗಿನದನ್ನು ಎಣಿಸಬೇಕು. ಎರಡೂ ಅರ್ಥದಲ್ಲಿ.

ಇದನ್ನು ಕೇಳುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಕೆರೆಗಳ ನೀರುಗಂಟಿ. ಕಡೂರು ಸೀಮೆಯ ಅಯ್ಯನಕೆರೆ, ಮದಗದಕೆರೆಗಳಂಥ ದೊಡ್ಡ ಕೆರೆಗಳಿರಲಿ, ಸಣ್ಣ ಊರಿನ ಕೆರೆಗೂ ಹಿಂದೆ ನೀರುಗಂಟಿಯೆಂಬವನೊಬ್ಬನಿರುತ್ತಿದ್ದ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಇರುವ ನೀರು ಬೆಳೆ ಕೈಗೆ ಬರುವವರೆಗೆ ಸಾಲುತ್ತದೆಯೇ ಇಲ್ಲವೇ ಎಂಬುದು ಅವನ ಹೊಣೆ. ದೊಡ್ಡಪ್ಪನವರು ಹುಡುಗರಾಗಿದ್ದಾಗ ಅಂಥವನೊಬ್ಬನ ಹಿಂದೆ ಕೆರೆಯ ಏರಿಯ ಮೇಲೆ ಓಡಾಡಿದ್ದರಂತೆ. ಅವನು ತೂಬಿನ ಕಲ್ಲುಕಂಬದ ಮೇಲಿನ ಗುರುತನ್ನು ನೋಡುತ್ತಿದ್ದ. ಆದರೆ ಅದೊಂದನ್ನೇ ನಂಬುತ್ತಿರಲಿಲ್ಲ.

ಏಕೆಂದರೆ ನೀರಿನ ಎತ್ತರ ಬೇರೆ, ನೀರಿನ ಮೊತ್ತ ಬೇರೆ. ನಮ್ಮ ನೆರೆಯ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ಆ ಜಲಾಶಯ ೧೯೩೩ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ಆ ಎಂಬತ್ತೊಂಬತ್ತು ವರ್ಷಗಳ ಕಾಯುವಿಕೆಯಲ್ಲಿ ಹೊಸದುರ್ಗ ಹಿರಿಯೂರುಗಳ ಜನ ಅದರ ನೀರನ್ನು ಅಡಿಗಳಲ್ಲಿಯೇ ಮಾತಾಡಿಕೊಂಡರು: ತುಂಬಿದರೆ ೧೩೦ ಅಡಿ. ಆದರೆ ೬೫ ಅಡಿ ನೀರಿದೆಯೆಂದರೆ ಅರ್ಧ ತುಂಬಿದೆಯೆಂದು ಯಾರಾದರೂ ಎಣಿಸಿದರೆ ಅವರಂಥ ಬೆಪ್ಪರಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದು ಅಡಿಯಲ್ಲಿರುವ ನೀರು ಕೆಳಗಿನ ಹಲವು ಅಡಿಗಳಲ್ಲಿರುವುದಿಲ್ಲ. ಅಡಿಯಿಂದ ಮೊತ್ತವನ್ನು ತಿಳಿಯಬೇಕಾದರೆ ಪಾತ್ರೆಯ ಆಕಾರ ಮೊದಲೇ ಗೊತ್ತಿರಬೇಕು.

ಬ್ಯಾಟರಿಯ ವೋಲ್ಟೇಜು ಅಂಥದೇ ಒಂದು ಅಡಿಗಂಬ. ನಮ್ಮ ಕ್ಯಾಮರಾದಲ್ಲಿದ್ದ ಬಗೆಯ ಲಿಥಿಯಂ ಸೆಲ್ಲು ಪೂರ್ತಿ ತುಂಬಿದಾಗ ೪.೨ ವೋಲ್ಟು ತೋರಿಸುತ್ತದೆ. ೩ ವೋಲ್ಟಿನ ಹತ್ತಿರ ಬಂದರೆ ಬರಿದಾಯಿತೆಂದು ಅರ್ಥ. ನಡುವಣ ೧.೨ ವೋಲ್ಟನ್ನು ನೂರು ಸಮಭಾಗ ಮಾಡಿದರೆ ಆಯಿತಲ್ಲ ಎನ್ನಿಸಬಹುದು. ಆದರೆ ಇದರ ಆಕಾರ ಬಚ್ಚಲುಮನೆಯ ಹಂಡೆಯದು: ಕತ್ತು ಕಿರಿದು, ಹೊಟ್ಟೆ ಬಲು ಅಗಲ, ತಳ ಮತ್ತೆ ಕಿರಿದು. ಮೊದಲು ವೋಲ್ಟೇಜು ಬೇಗ ಇಳಿಯುತ್ತದೆ, ೩.೮ಕ್ಕೂ ೩.೬ಕ್ಕೂ ನಡುವೆ ಬಂದು ಅಲ್ಲಿ ಬಹುಕಾಲ ಕದಲದಂತೆ ನಿಲ್ಲುತ್ತದೆ. ಒಟ್ಟು ಶಕ್ತಿಯ ಅರ್ಧ ಭಾಗವೋ ಅದಕ್ಕೂ ಮಿಗಿಲೋ ಆ ಸಣ್ಣ ಅಂತರದಲ್ಲಿಯೇ ಅಡಗಿರುತ್ತದೆ. ಆಮೇಲೆ ಥಟ್ಟನೆ ಕುಸಿಯುತ್ತದೆ. ಆದುದರಿಂದ ಕ್ಯಾಮರಾದ ಸ್ಮೃತಿಯಲ್ಲಿ ಒಂದು ಕೋಷ್ಟಕವನ್ನು ಬರೆದಿಟ್ಟಿರುತ್ತಾರೆ: ಇಷ್ಟು ವೋಲ್ಟಿದ್ದರೆ ಇಷ್ಟು ಶೇಕಡಾ ಎಂದು. ಹಂಡೆಯ ಹೊಟ್ಟೆಯಲ್ಲಿ ನೀರಿರುವಾಗ ಅಳೆಯುವುದರಲ್ಲಿ ವೋಲ್ಟಿನ ನೂರನೆಯ ಕೆಲವು ಭಾಗ ತಪ್ಪಿದರೂ ಉತ್ತರದಲ್ಲಿ ಹತ್ತು ಹದಿನೈದು ತಪ್ಪಿಹೋಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ತರೀಕೆರೆಯ ಆಚೆ ಭದ್ರಾ ಹುಲಿ ಸಂರಕ್ಷಿತಾರಣ್ಯದಲ್ಲಿ ಮರಗಳಿಗೆ ಕಟ್ಟುವ ಕ್ಯಾಮರಾಗಳೂ ನಮ್ಮ ಕಣದ ಕ್ಯಾಮರಾದ ದಾಯಾದಿಗಳೇ. ಮೈಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಬೇರೆಬೇರೆಯಾಗಿ ಗುರುತಿಸಿ, ಸಿಕ್ಕಿದವುಗಳಿಂದ ಸಿಕ್ಕದವುಗಳನ್ನೂ ಸೇರಿಸಿ ಅಂದಾಜುಮಾಡುವ ಕ್ರಮವನ್ನು ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬೆಳೆಸಿ ೧೯೯೫ರಲ್ಲಿ ಪ್ರಕಟಿಸಿದರು. ೨೦೧೮ರ ಅಖಿಲ ಭಾರತ ಹುಲಿ ಅಂದಾಜಿನ ಹೊತ್ತಿಗೆ ದೇಶದಲ್ಲಿ ೨೬,೮೩೮ ಸ್ಥಳಗಳಲ್ಲಿ ಇಂಥ ಕ್ಯಾಮರಾಗಳನ್ನು ಇಟ್ಟಿದ್ದರು. ಕಾಡಿನ ಕ್ಯಾಮರಾಗಳಲ್ಲಿ ಅನೇಕವು ಟಾರ್ಚಿನ ಸಣ್ಣ ಸೆಲ್ಲುಗಳಿಂದ ನಡೆಯುತ್ತವೆ. ಸಾಮಾನ್ಯ ಆಲ್ಕಲೈನ್ ಸೆಲ್ಲಿನ ವೋಲ್ಟೇಜು ೧.೫ರಿಂದ ೦.೯ರವರೆಗೆ ಮೆಲ್ಲಮೆಲ್ಲನೆ ಇಳಿಯುತ್ತದೆ; ಇಳಿಜಾರು ಇರುವುದರಿಂದ ಎಲ್ಲಿದ್ದೇವೆಂದು ತಿಳಿಯುತ್ತದೆ. ಅದಕ್ಕಿಂತ ಬೆಲೆಬಾಳುವ, ಹೆಚ್ಚು ಬಾಳುವ, ಚಳಿಗೂ ಜಗ್ಗದ ಲಿಥಿಯಂ ಸೆಲ್ಲಿನ ವೋಲ್ಟೇಜಾದರೋ ಕೊನೆಯವರೆಗೂ ಹೆಚ್ಚುಕಡಮೆ ಒಂದೇ ಸಮನಾಗಿದ್ದು ಕಡೆಗೆ ಒಮ್ಮೆಲೇ ಬೀಳುತ್ತದೆ. ಕ್ಯಾಮರಾ "ತುಂಬಿದೆ, ತುಂಬಿದೆ" ಎನ್ನುತ್ತಲೇ ಇದ್ದು ಮಾತು ನಿಲ್ಲಿಸುತ್ತದೆ. ಮತ್ತೆ ಮತ್ತೆ ತುಂಬಿಸಬಹುದಾದ ನಿಕ್ಕಲಿನ ಸೆಲ್ಲಿನದು ಇದಕ್ಕೆ ತಿರುಗುಮುರುಗು: ತುಂಬಿರುವಾಗಲೂ ಅದು ಬಹುಕಾಲ ನಿಲ್ಲುವುದು ೧.೨ ವೋಲ್ಟಿನಲ್ಲಿ, ಆಲ್ಕಲೈನಿನ ಕೋಷ್ಟಕ ಹಿಡಿದ ಕ್ಯಾಮರಾ ಅದನ್ನು ಅರ್ಧ ಬರಿದಾದದ್ದೆಂದು ಓದುತ್ತದೆ. ಸೆಲ್ಲು ಒಳ್ಳೆಯದಾದಷ್ಟೂ ಒಳಗಿನ ಗುಟ್ಟನ್ನು ಬಿಟ್ಟುಕೊಡುವುದು ಕಡಮೆ. ಮನುಷ್ಯರಲ್ಲಿಯೂ ಅಂಥವರುಂಟು, ಅದಿರಲಿ.

ನನ್ನ ಮಿತ್ರರು ನಮ್ಮ ಕ್ಯಾಮರಾದ ಬ್ಯಾಟರಿಗೆ ಮಲ್ಟಿಮೀಟರು ಹಿಡಿದರು. ಕ್ಯಾಮರಾ ನಿದ್ರೆಯಲ್ಲಿದ್ದಾಗ ೩.೬೫ ವೋಲ್ಟು. ಅನಂತರ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲೆಮಾಡಿ ಅದರ ಮುಂದೆ ಕೈಯಾಡಿಸಿದರು. ಕ್ಯಾಮರಾ ಎಚ್ಚೆತ್ತಿತು, ಕಣ್ಣಿಗೆ ಕಾಣದ ಕೆಂಪು ದೀಪಗಳನ್ನು ಹೊತ್ತಿಸಿತು, ಚಿತ್ರವನ್ನು ಕಳಿಸಲು ಮೊಬೈಲ್ ಗೋಪುರವನ್ನು ಹುಡುಕತೊಡಗಿತು. ಮಲ್ಟಿಮೀಟರಿನ ಅಂಕೆ ನಮ್ಮ ಕಣ್ಣೆದುರಿಗೇ ೩.೩೧ಕ್ಕೆ ಇಳಿಯಿತು. ದೀಪ ಆರಿದ ಹತ್ತು ನಿಮಿಷದ ಮೇಲೆ ನೋಡಿದರೆ ೩.೬೨.

"ಇದರಲ್ಲಿ ಯಾವುದು ನಿಜ?" ಎಂದು ಕೇಳಿದೆ.

"ಎರಡೂ ನಿಜವೇ" ಎಂದರು. "ಮೊದಲನೆಯದು ಒಳಗೆ ಎಷ್ಟಿದೆ ಎಂಬುದು. ಎರಡನೆಯದು ಕೇಳಿದಾಗ ಎಷ್ಟು ಕೊಡಬಲ್ಲದು ಎಂಬುದು."

ತೂಬನ್ನು ಪೂರ್ತಿ ಎತ್ತಿದಾಗ ತೂಬಿನ ಬಾಯಿಯ ಹತ್ತಿರ ನೀರು ತಗ್ಗುತ್ತದೆ. ಕೆರೆಯ ಆ ಕಡೆಯ ನೀರು ಬಂದು ಸೇರಲು ಹೊತ್ತು ಹಿಡಿಯುತ್ತದೆ. ನಡುವೆ ಹೂಳು, ಜೊಂಡು ಬೆಳೆದಿದ್ದರಂತೂ ಇನ್ನೂ ನಿಧಾನ. ಬ್ಯಾಟರಿಯೊಳಗೂ ಹಾಗೆಯೇ ಒಂದು ತಡೆಯಿದೆ. ಹೊಸದರಲ್ಲಿ ಅದು ಅಲ್ಪ. ನೂರಾರು ಬಾರಿ ತುಂಬಿ ಬರಿದಾದಂತೆ, ಬೇಸಗೆಯ ಬಿಸಿಲಿನಲ್ಲಿ ಬೆಂದಂತೆ ಬೆಳೆಯುತ್ತದೆ. ಚಳಿಯಲ್ಲಿ ಮತ್ತಷ್ಟು ಹೆಚ್ಚುತ್ತದೆ. ನಮ್ಮ ಸೀಮೆಯ ಮಾಗಿಯ ಚಳಿ ಬ್ಯಾಟರಿಯನ್ನು ಕೊಲ್ಲುವಷ್ಟೇನೂ ಅಲ್ಲ, ಆದರೆ ಮುಪ್ಪಾದ ಬ್ಯಾಟರಿಗೆ ಅದೂ ಒಂದು ಹೊರೆಯೇ. ಎಳೆಯುವ ಪ್ರವಾಹ ಹೆಚ್ಚಾದಷ್ಟೂ ಸೀಸದ ಬ್ಯಾಟರಿಯಿಂದ ದೊರಕುವ ಮೊತ್ತವೇ ಕಡಮೆಯಾಗುವುದೆಂದು ಜರ್ಮನಿಯ ಪಾಯ್ಕರ್ಟ್ ಎಂಬಾತ ೧೮೯೭ರಷ್ಟು ಹಿಂದೆಯೇ ಸೂತ್ರಮಾಡಿದ್ದ.

ಇದನ್ನು ದೊಡ್ಡಪ್ಪನವರ ಟಾರ್ಚು ನನಗೆ ಬಾಲ್ಯದಲ್ಲಿಯೇ ಕಲಿಸಿತ್ತು, ನಾನು ಕಲಿತಿರಲಿಲ್ಲ ಅಷ್ಟೆ. ಸೆಲ್ಲು ಮಂದವಾಯಿತೆಂದರೆ ಅವರು ಅದನ್ನು ಎಸೆಯುತ್ತಿರಲಿಲ್ಲ. ತೆಗೆದು ಬಿಸಿಲಿನಲ್ಲಿ ಜಗುಲಿಯ ಮೇಲಿಡುತ್ತಿದ್ದರು. ಸಂಜೆ ಹಾಕಿದರೆ ಟಾರ್ಚು ಮತ್ತೆ ಬೆಳ್ಳಗೆ ಉರಿಯುತ್ತಿದ್ದಿತು, ಆದರೆ ತೋಟದ ಆ ತುದಿ ಮುಟ್ಟುವುದರೊಳಗೆ ಕೆಂಪಾಗುತ್ತಿತ್ತು. "ಸುಧಾರಿಸಿಕೊಂಡಿದ್ದು ಬೇರೆ, ಶಕ್ತಿ ಬಂದಿದ್ದು ಬೇರೆ" ಎನ್ನುವರು.

ನಮ್ಮ ಕ್ಯಾಮರಾ ಮಾಡಿದ್ದೂ ಅದನ್ನೇ. ಸಂಜೆ ನಾನು ನೋಡಿದಾಗ ಸೋಲಾರ್ ಪ್ಲೇಟಿನ ಮೇಲೆ ಇಳಿಬಿಸಿಲಿದ್ದಿತು. ಬ್ಯಾಟರಿಗೆ ಒಳಮುಖವಾಗಿ ಪ್ರವಾಹ ಹರಿಯುತ್ತಿರುವಾಗ ತುದಿಗಳ ವೋಲ್ಟೇಜು ಇರಬೇಕಾದುದಕ್ಕಿಂತ ಹೆಚ್ಚಾಗಿಯೇ ತೋರುತ್ತದೆ. ಕೆರೆಗೆ ಕಾಲುವೆ ಬಂದು ಬೀಳುವ ಬಾಯಲ್ಲಿ ನಿಂತು ನೀರಿನ ಎತ್ತರ ಅಳೆದಂತೆ. ಬಿಸಿಲು ಹೋದರೆ ಅದು ಇಳಿಯುತ್ತದೆ. ದೀಪ ಹೊತ್ತಿದರೆ ಮತ್ತೂ ಇಳಿಯುತ್ತದೆ. ಹೀಗೆ ಅಂಕೆ ಏರಿಳಿಯುತ್ತಿದ್ದರೆ ಕೊಂಡವರು ಬೇಸರಪಡುವರೆಂದು, ತುಂಬಿಸದೆ ಇದ್ದಾಗ ಅಂಕೆ ಮೇಲೇರದಂತೆ, ಇಳಿದರೂ ಒಂದೊಂದಾಗಿಯೇ ಇಳಿಯುವಂತೆ ಕೆಲವು ಯಂತ್ರಗಳಲ್ಲಿ ಏರ್ಪಾಡು ಮಾಡಿರುತ್ತಾರೆ. ಆಗ ನಾವು ಓದುವುದು ಅಳತೆಯನ್ನಲ್ಲ, ಅಳತೆಯನ್ನು ತಿದ್ದಿ ನಯಮಾಡಿದ ಪಾಠಾಂತರವನ್ನು. ಹಸ್ತಪ್ರತಿಗಳ ಜೊತೆ ಹೆಣಗಿದವರಿಗೆ ಇದರ ಅಪಾಯ ಗೊತ್ತು: ಲಿಪಿಕಾರನ ತಪ್ಪಿಗಿಂತ ಲಿಪಿಕಾರನ ಜಾಣತನವೇ ಹೆಚ್ಚು ತೊಡಕಿನದು.

ಹಾಗಾದರೆ ಎರಡನೆಯ ದಾರಿಯೇನು? ಎತ್ತರವನ್ನು ನೋಡುವ ಬದಲು ಹೋದದ್ದನ್ನೂ ಬಂದದ್ದನ್ನೂ ಬರೆದಿಡುವುದು. ನೀರುಗಂಟಿ ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ. ತೂಬು ಎಷ್ಟು ಎತ್ತಿದೆ, ಎಷ್ಟು ಹೊತ್ತು ಎತ್ತಿದೆ, ಯಾವ ಮಳೆಗೆ ಎಷ್ಟು ನೀರು ಬಂತು ಎಂಬುದು ಅವನ ತಲೆಯಲ್ಲಿರುತ್ತಿತ್ತು. ಬ್ಯಾಟರಿಯಲ್ಲಿ ಇದಕ್ಕೊಂದು ಪುಟ್ಟ ಉಪಾಯವಿದೆ. ಪ್ರವಾಹ ಹೋಗುವ ದಾರಿಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ಮಾತ್ರ ತಡೆಯುಳ್ಳ ಲೋಹದ ತುಣುಕೊಂದನ್ನು ಇಡುತ್ತಾರೆ. ಅರ್ಧ ಆಂಪಿಯರು ಹರಿದರೆ ಅದರ ಎರಡು ಬದಿಗಳ ನಡುವೆ ವೋಲ್ಟಿನ ಸಾವಿರದ ಐದು ಭಾಗದಷ್ಟು ವ್ಯತ್ಯಾಸ ಬರುತ್ತದೆ. ಅದನ್ನು ಕ್ಷಣಕ್ಷಣವೂ ಓದಿ ಕೂಡುತ್ತ ಹೋಗುವ ಚಿಕ್ಕ ಚಿಪ್ಪು ಬೇರೆಯೇ ಇರುತ್ತದೆ. ಫ್ರಾನ್ಸಿನ ಕೂಲಂಬನ ಹೆಸರಿನ ಮಾನದಲ್ಲಿ ಎಣಿಸುವುದರಿಂದ ಇದನ್ನು ಕೂಲಂಬ್ ಎಣಿಕೆ ಎನ್ನುತ್ತಾರೆ. ಒಂದು ಆಂಪಿಯರ್-ಗಂಟೆಯೆಂದರೆ ೩,೬೦೦ ಕೂಲಂಬು.

ಇದು ಲೆಕ್ಕದ ಪುಸ್ತಕ. ಲೆಕ್ಕದ ಪುಸ್ತಕಕ್ಕಿರುವ ಗುಣವೂ ಇದಕ್ಕಿದೆ, ದೋಷವೂ ಇದೆ. ಒಂದು ದಿನದ ಸಣ್ಣ ತಪ್ಪು ಮರುದಿನದ ಆರಂಭದ ಶಿಲ್ಕಾಗುತ್ತದೆ. ಚಿಪ್ಪು ಸಾವಿರದ ಒಂದು ಭಾಗ ಆಂಪಿಯರನ್ನು ಯಾವಾಗಲೂ ತಪ್ಪಾಗಿ ಓದುತ್ತದೆಯೆಂದು ಇಟ್ಟುಕೊಳ್ಳಿ. ದಿನಕ್ಕೆ ೨೪ ಮಿಲಿಆಂಪಿಯರ್-ಗಂಟೆ. ಮೂವತ್ತು ದಿನಕ್ಕೆ ೭೨೦. ಐದು ಸಾವಿರದ ಬ್ಯಾಟರಿಯಲ್ಲಿ ಅದು ಶೇಕಡಾ ೧೪ಕ್ಕೂ ಮಿಕ್ಕಿತು. ಮೇಲಾಗಿ ಬ್ಯಾಟರಿಯಲ್ಲಿ ತಾನಾಗಿಯೇ ಸೋರುವುದೊಂದುಂಟು, ಕೆರೆಯ ನೀರು ಇಂಗಿದಂತೆ. ಅದು ಲೋಹದ ತುಣುಕಿನ ಮೂಲಕ ಹರಿಯುವುದಿಲ್ಲವಾದ್ದರಿಂದ ಪುಸ್ತಕದಲ್ಲಿ ಬರುವುದೇ ಇಲ್ಲ. ಇನ್ನು ಹೂಳು: ಕೆರೆಗೆ ಹೂಳು ತುಂಬಿದಂತೆ ಬ್ಯಾಟರಿಯ ಪಾತ್ರೆಯೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಕೆಲವು ನೂರು ಬಾರಿ ತುಂಬಿ ಬರಿದುಮಾಡಿದ ಮೇಲೆ ಮೊದಲಿನ ಐದರಲ್ಲಿ ನಾಲ್ಕು ಪಾಲು ಉಳಿದರೆ ಪುಣ್ಯ. ಯಂತ್ರ ಇದನ್ನು ಅರಿಯದಿದ್ದರೆ, ಹಳೆಯ ದೊಡ್ಡ ಪಾತ್ರೆಯ ಲೆಕ್ಕದಲ್ಲಿಯೇ ಅರ್ಧವೆನ್ನುತ್ತಿರುತ್ತದೆ.

ಲೆಕ್ಕದ ಪುಸ್ತಕವನ್ನು ತಾಳೆನೋಡಲು ಬೇಕಾದದ್ದು ಒಂದು ನಿಶ್ಚಿತ ಕ್ಷಣ. ಕೆರೆ ಕೋಡಿ ಬಿದ್ದ ದಿನ ನೀರುಗಂಟಿಗೆ ಸಂದೇಹವಿಲ್ಲ, ಅದು ತುಂಬಿದೆ. ತಳ ಕಂಡ ದಿನವೂ ಸಂದೇಹವಿಲ್ಲ. ಬ್ಯಾಟರಿಗೂ ಅವೆರಡೇ ನಿಜವಾದ ಗುರುತುಗಳು: ಪೂರ್ತಿ ತುಂಬಿ ಪ್ರವಾಹ ನಿಲ್ಲುವ ಗಳಿಗೆ, ಪೂರ್ತಿ ಬರಿದಾಗುವ ಗಳಿಗೆ. ಅಲ್ಲಿ ಯಂತ್ರ ತನ್ನ ಹಳೆಯ ಶಿಲ್ಕನ್ನು ಹೊಡೆದುಹಾಕಿ ನೂರು ಎಂದೋ ಸೊನ್ನೆ ಎಂದೋ ಹೊಸದಾಗಿ ಬರೆದುಕೊಳ್ಳುತ್ತದೆ. ಒಳ್ಳೆಯ ಯಂತ್ರಗಳು ಎರಡು ಕ್ರಮಗಳನ್ನೂ ಸೇರಿಸುತ್ತವೆ: ಕೆಲಸದಲ್ಲಿರುವಾಗ ಎಣಿಕೆ, ಬಹುಹೊತ್ತು ವಿಶ್ರಮಿಸಿದಾಗ ವೋಲ್ಟೇಜು. ಎರಡು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ ಯಾವುದನ್ನು ಎಷ್ಟು ನಂಬಬೇಕೆಂದು ತೂಗುವ ಗಣಿತವೊಂದನ್ನು ರುಡಾಲ್ಫ್ ಕಾಲ್ಮನ್ ಎಂಬಾತ ೧೯೬೦ರಲ್ಲಿ ಪ್ರಕಟಿಸಿದ; ಚಂದ್ರನಿಗೆ ಹೋದ ಅಪೊಲೊ ನೌಕೆಗಳು ತಾವು ಎಲ್ಲಿದ್ದೇವೆಂದು ತಿಳಿದದ್ದು ಅದರ ನೆರವಿನಿಂದ. ಅದೇ ಗಣಿತವನ್ನು ಈಗ ಬ್ಯಾಟರಿಗಳಿಗೂ ಹಚ್ಚುತ್ತಾರೆ. ಅಗ್ಗದ ಕ್ಯಾಮರಾಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ. ವೋಲ್ಟೇಜೂ ಕೋಷ್ಟಕವೂ ಇದ್ದರೆ ಹೆಚ್ಚು.

ನಮ್ಮ ಕ್ಯಾಮರಾದಲ್ಲಿ ಎಣಿಸುವ ಚಿಪ್ಪು ಇದ್ದಿತೆಂದು ಮಿತ್ರರು ತೋರಿಸಿದರು. ಆದರೂ ಅದು ದಾರಿತಪ್ಪಿದ್ದೇಕೆ? ನಾನು ಅದನ್ನು ಕಟ್ಟಿದ್ದ ಕಂಬ ಅಡಕೆಮರಗಳ ಅರೆನೆರಳಿನಲ್ಲಿ. ದಿನಕ್ಕೆ ಎರಡೋ ಮೂರೋ ಗಂಟೆ ಬಿಸಿಲು. ಅದೂ ಕಣದ ದೂಳು ಕುಳಿತ ಪ್ಲೇಟಿನ ಮೇಲೆ. ಅದು ಒಂದು ದಿನವೂ ಪೂರ್ತಿ ತುಂಬಲಿಲ್ಲ, ಒಂದು ದಿನವೂ ಪೂರ್ತಿ ಬರಿದಾಗಲಿಲ್ಲ. ಕೋಡಿಯನ್ನೂ ಕಾಣದೆ ತಳವನ್ನೂ ಕಾಣದೆ ಎರಡು ವರ್ಷ ನಡುವೆಯೇ ತೂಗಾಡಿದ ಕೆರೆಯ ಲೆಕ್ಕ ಅದು. ತಪ್ಪಿನ ಮೇಲೆ ತಪ್ಪು ಕೂಡಿ, ಇಪ್ಪತ್ತೂ ಇಲ್ಲದ ಕಡೆ ನಲವತ್ತೆರಡೆಂದು ಬರೆದುಕೊಂಡಿತ್ತು. ಅದು ಸುಳ್ಳು ಹೇಳಲಿಲ್ಲ. ತನಗೆ ತಿಳಿದದ್ದನ್ನು ಹೇಳಿತು. ಅದರ ಮಾತಿನಲ್ಲಿ 'ಸುಮಾರು' ಎಂಬ ಪದವೊಂದು ಇಲ್ಲದಿದ್ದದ್ದೇ ತೊಂದರೆ. ಪರದೆಯ ಮೇಲೆ ಅಂಕೆ ಒಂಟಿಯಾಗಿ ನಿಂತಾಗ ಅಂದಾಜಿಗೂ ಅಳತೆಗೂ ವೇಷ ಒಂದೇ ಆಗಿಬಿಡುತ್ತದೆ.

ಆ ರಾತ್ರಿಯ ಚಿತ್ರಗಳನ್ನು ಕೂತು ಎಣಿಸಿದೆ. ಇಲ್ಲಿ ಮೊದಲ ಅರ್ಥದಲ್ಲಿಯೇ. ಕತ್ತಲಾದಾಗಿನಿಂದ ಎರಡು ಗಂಟೆ ನಲವತ್ತರವರೆಗೆ ಕ್ಯಾಮರಾ ಐವತ್ತೇಳು ಸಲ ಎಚ್ಚೆತ್ತಿತ್ತು. ಬೇಯಿಸಿದ ಅಡಕೆಯ ಒಲೆಯ ಬೆಚ್ಚನೆಯ ಬೂದಿಯಲ್ಲಿ ಮಲಗಲು ಬಂದ ನಾಯಿಗಳು, ಒಂದು ಬೆಕ್ಕು, ಒಲೆಯ ಬಿಸಿಗಾಳಿಗೆ ಅಲುಗಿದ ಟಾರ್ಪಾಲು. ನಿದ್ರೆಯಲ್ಲಿದ್ದಾಗ ಅದು ಕುಡಿಯುವ ಶಕ್ತಿಗೆ ಹೋಲಿಸಿದರೆ ಎಚ್ಚೆತ್ತಾಗ ಕುಡಿಯುವುದು ನೂರಾರು ಪಟ್ಟು. ಅದರ ಮೇಲೆ ನಮ್ಮ ತೋಟದಲ್ಲಿ ಸಿಗ್ನಲು ಬಲು ಕ್ಷೀಣ. ದೂರದವನನ್ನು ಕೂಗಿ ಕರೆಯುವವನಂತೆ ಕ್ಯಾಮರಾ ಪ್ರತಿ ಸಲವೂ ತನ್ನ ದನಿಯನ್ನು ಏರಿಸಬೇಕು. ಐವತ್ತೆಂಟನೆಯ ಸಲ ದೀಪ ಹೊತ್ತಿಸಲು ಹೋದಾಗ ವೋಲ್ಟೇಜು ಕ್ಯಾಮರಾ ನಡೆಯಲು ಬೇಕಾದ ಮಟ್ಟಕ್ಕಿಂತ ಕೆಳಗೆ ಬಿದ್ದಿರಬೇಕು. ಒಳಗೆ ಇನ್ನೂ ಒಂದಿಷ್ಟು ಶಕ್ತಿಯಿದ್ದಿತು. ತೂಬಿನ ಬಾಯಿಗಿಂತ ಕೆಳಗಿರುವ ನೀರಿನಂತೆ, ಇದ್ದೂ ಗದ್ದೆಗೆ ಹರಿಯದು.

ಇನ್ನೊಂದು ಮಾತು ಮಿತ್ರರು ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ. ಉಳಿದ ಶಕ್ತಿಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದರೂ "ಎಷ್ಟು ಹೊತ್ತು ಬಾಳುತ್ತದೆ" ಎಂಬ ಪ್ರಶ್ನೆಗೆ ಅದರಿಂದ ಉತ್ತರ ಬರುವುದಿಲ್ಲ. ಈ ರಾತ್ರಿ ಎಷ್ಟು ನಾಯಿಗಳು ಬರುತ್ತವೆ ಎಂಬುದು ಬ್ಯಾಟರಿಗೆ ಗೊತ್ತಿಲ್ಲ. ನೆನ್ನೆ ಮೊನ್ನೆ ಬಂದಷ್ಟೇ ನಾಳೆಯೂ ಬರುವುವೆಂದು ಇಟ್ಟುಕೊಂಡು ದಿನಗಳನ್ನು ಹೇಳುವ ಯಂತ್ರಗಳಿವೆ. ನೀರುಗಂಟಿಯೂ ಮಳೆಯ ವಿಷಯದಲ್ಲಿ ಅಷ್ಟೇ ಹೇಳಬಲ್ಲವನಾಗಿದ್ದ.

ಸಂಕ್ರಾಂತಿಯ ರಜೆಗೆ ಶಿವನಿಗೆ ಹೋದೆ. ಬ್ಯಾಟರಿಯನ್ನು ಮನೆಯಲ್ಲಿಯೇ ಪೂರ್ತಿ ಬರಿದುಮಾಡಿ, ಮತ್ತೆ ರಾತ್ರಿಯೆಲ್ಲ ಇಟ್ಟು ಪೂರ್ತಿ ತುಂಬಿಸಿ, ಅದಕ್ಕೆ ಎರಡು ಗುರುತುಗಳನ್ನೂ ತೋರಿಸಿದ್ದಾಯಿತು. ಕಂಬವನ್ನು ಬಿಸಿಲಿಗೆ ಸರಿಸಿದ್ದಾಯಿತು. ಏಣಿ ಹತ್ತಿ ಪ್ಲೇಟನ್ನು ಒದ್ದೆಬಟ್ಟೆಯಿಂದ ಒರಸುತ್ತಿದ್ದಾಗ ದೊಡ್ಡಪ್ಪನವರು ಕೆಳಗೆ ಏಣಿ ಹಿಡಿದು ನಿಂತಿದ್ದರು. ಟಾರ್ಪಾಲನ್ನು ಕಲ್ಲುಗಳಿಂದ ಒತ್ತಿಟ್ಟೆವು. ಒಲೆಯ ಬೂದಿಯನ್ನು ಹಿತ್ತಲಿಗೆ ಸಾಗಿಸಿದೆವು. ನಾನು ಓದಿದ್ದನ್ನೆಲ್ಲ ಅವರಿಗೆ ಹೇಳಿದೆ: ಹಂಡೆ, ಹೂಳು, ತೂಬು, ಲೆಕ್ಕದ ಪುಸ್ತಕ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಎಲೆಯಡಕೆ ಹಾಕಿಕೊಳ್ಳುತ್ತ, "ಈಗ ಎಷ್ಟು ಐತಂತೆ?" ಎಂದರು.

ಮೊಬೈಲು ನೋಡಿದೆ. "ತೊಂಬತ್ತಾರು ಅಂತಿದೆ, ದೊಡ್ಡಪ್ಪ."

"ಅಂತೈತೆ" ಎಂದು ಅವರು ನನ್ನ ಮಾತಿನ ಕೊನೆಯನ್ನೊಂದೇ ತೆಗೆದುಕೊಂಡು ನಕ್ಕರು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ಆಯ್ತು ಮಗಾ. ಹನ್ನೆರಡರ ತನಕ ನಾನು ನೋಡ್ಕಂತೀನಿ. ಆಮೇಲೆ ಅದು ನೋಡ್ಲಿ."

ನಾನು ಒಳಗೆ ಹೋಗಿ ಇನ್ನೊಂದು ಕಂಬಳಿ ತಂದೆ.